ವಾಸಣ್ಣನ ಕೈ ಸೋತಿರಲಿಲ್ಲ

ಆ ಕಾರಿನ ಬಣ್ಣ ಸುಟ್ಟದ್ದು ನಾನು, ವಾಸಣ್ಣ ಅಲ್ಲ. ಪುತ್ತೂರು, ಸುಳ್ಯ, ಕಡಬದ ಕಡೆ ಕಾರು ಪಾಲಿಶ್ ಮಾಡುವವರು ಇವತ್ತಿಗೂ ‘ಕೊನೆಕೊನೆಗೆ ವಾಸಣ್ಣನ ಕೈ ಸೋತಿತ್ತು’ ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ಹನ್ನೊಂದು ವರ್ಷ ಅದನ್ನು ಬಚ್ಚಿಟ್ಟುಕೊಂಡು ಬದುಕಿದೆ — ಅವರೇ ಕಲಿಸಿದ ಕೆಲಸದಲ್ಲಿ, ಅವರೇ ಕೊಟ್ಟ ಮಷೀನು ಹಿಡಿದು.

ನಾನು ಪಂಜದವಳು, ಹೆಸರು ಹೇಮಾವತಿ. ಮೂವತ್ತು ದಾಟಿದ ಮೇಲೆ ಪುತ್ತೂರಿನಲ್ಲಿ ವಾಹನ ತೊಳೆಯುವ ಕಡೆ ಕೆಲಸಕ್ಕೆ ಸೇರಿದ್ದೆ. ಒಂದು ದಿನ ಕಾರು ಒರೆಸುತ್ತಿದ್ದಾಗ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ಅದನ್ನು ಬದಿಗಿಟ್ಟು ಬೇರೆ ಬಟ್ಟೆ ತೆಗೆದುಕೊಂಡೆ. ತನ್ನ ಗಿರಾಕಿಯೊಬ್ಬರ ಜೀಪಿನ ಅಡಿಭಾಗ ತೊಳೆಸಲು ಬಂದು ನಿಂತಿದ್ದ ವಾಸಣ್ಣ ಅದನ್ನು ನೋಡಿದರು.

“ಹಾಗೆ ಮಾಡ್ಲಿಕ್ಕೆ ಯಾರು ಹೇಳಿಕೊಟ್ಟದ್ದು?”

“ಯಾರೂ ಇಲ್ಲ. ಬಟ್ಟೆಗೆ ಮಣ್ಣು ಹಿಡಿದಿತ್ತು. ಒರೆಸಿದ್ರೆ ಗೀರು ಬೀಳುದಿಲ್ವಾ?”

“ಪಾಲಿಶ್ ಕೆಲಸ ಕಲಿತಿಯಾ? ನಾಳೆಯಿಂದ ನನ್ನಲ್ಲಿಗೆ ಬಾ.”

ಬೈಪಾಸಿನ ಬದಿಯಲ್ಲಿ ತಗಡಿನ ಮಾಡಿನ ಸಣ್ಣ ಶೆಡ್ಡು ಅವರದು. ‘ಹೆಂಗಸಿಗೆ ಮಷೀನು ಕೊಡ್ತಿಯಾ ಮಾರಾಯ?’ ಎಂದು ಅಕ್ಕಪಕ್ಕದ ಗ್ಯಾರೇಜಿನವರು ನಕ್ಕರು. ವಾಸಣ್ಣ ನನ್ನ ಕೈಗೆ ಎರಡು ಬಕೆಟ್ ಕೊಟ್ಟರು — ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಕಾರಿಗೆ ಮುಟ್ಟಿಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸದೆ ಸೋಪಿನ ನೀರಿಗೆ ಅದ್ದಬಾರದು. ಮೇಲಿನಿಂದ ಕೆಳಗೆ ತೊಳೆಯಬೇಕು, ಬಿಸಿಲಲ್ಲಿ ತೊಳೆಯಬಾರದು. ಎರಡು ತಿಂಗಳು ಇಷ್ಟೇ ನನ್ನ ವಿದ್ಯೆ.

ಆಮೇಲೆ ಬೆರಳಿನ ಪಾಠ. ತೊಳೆದು ಒಣಗಿಸಿದ ಕಾರು ನನ್ನ ಕಣ್ಣಿಗೆ ಫಳಫಳ ಹೊಳೆಯುತ್ತಿತ್ತು. ವಾಸಣ್ಣ ಕೈಗೊಂದು ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾಗಿಲಿನ ಮೇಲೆ ಸವರಲು ಹೇಳಿದರು. ಮರಳಿನ ಹಾಗೆ ತರಿತರಿ! “ಕಣ್ಣು ಸುಳ್ಳು ಹೇಳ್ತದೆ. ಬೆರಳು ಹೇಳುದಿಲ್ಲ,” ಎಂದರು. ಆ ತರಿ ತೆಗೆಯಲು ನಾದಿದ ಹಿಟ್ಟಿನಂಥ ಕ್ಲೇಯನ್ನು ಸೋಪಿನ ನೀರಿನಲ್ಲಿ ಜಾರಿಸುತ್ತಾ ಹೋಗಬೇಕು, ಒತ್ತಬಾರದು. ಅಡಿಕೆಯ ಕಂಗಿಗೆ ಮೈಲುತುತ್ತಿನ ಮದ್ದು ಬಿಡುವ ದಿನ ತೋಟದ ಬದಿಯಲ್ಲಿ ನಿಲ್ಲಿಸಿದ ಕಾರುಗಳು ಮೈತುಂಬ ನೀಲಿ ಚುಕ್ಕೆ ಹೊತ್ತು ಬರುತ್ತಿದ್ದವು. ಬೇರೆಯವರು ಅದನ್ನು ತಿಕ್ಕಿ ತಿಕ್ಕಿ ಬಣ್ಣ ಕೆಡಿಸುತ್ತಿದ್ದರು. ವಾಸಣ್ಣ ವಿನೆಗರ್ ಬೆರೆಸಿದ ನೀರಲ್ಲಿ ಬಟ್ಟೆ ನೆನೆಸಿ, ಜ್ವರ ಬಂದವರ ಹಣೆಗೆ ಇಡುವಂತೆ ಚುಕ್ಕೆಯ ಮೇಲೆ ಇಟ್ಟು ಸುಮ್ಮನೆ ಕಾಯುತ್ತಿದ್ದರು. ಮತ್ತೆ ಒಂದೇ ಸಲ ಒರೆಸಿದರೆ ಕಲೆ ಬಟ್ಟೆಗೆ ಬಂದಿರುತ್ತಿತ್ತು. ಅಂಥ ಕೈಯನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಗರಗರ ತಿರುಗುವ ಪಾಲಿಶ್ ಮಷೀನು ಹಿಡಿದರೆ ಅವರ ಮೈಯೇ ಬೇರೆಯಾಗುತ್ತಿತ್ತು. ಭುಜ ಸಡಿಲ, ಮೊಣಕೈ ಸಡಿಲ. ಸೊಂಟದಿಂದ ನಿಧಾನವಾಗಿ ವಾಲುತ್ತಾ ಬೋನೆಟ್ಟಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದರು. ಮಬ್ಬಾದ ಕರಿ ಬಣ್ಣ ಅವರ ಕೈಯ ಹಿಂದೆಯೇ ಆಳವಾಗುತ್ತಾ ಬರುತ್ತಿತ್ತು.

“ಬಣ್ಣದ ಮೇಲಿನ ಪದರ ಕಾಗದಕ್ಕಿಂತಲೂ ತೆಳು. ಅಂಚಿನಲ್ಲಿ ಇನ್ನೂ ತೆಳು,” ಎಂದು ನೂರು ಸಲ ಹೇಳಿದ್ದರು. “ಅಂಚಿಗೆ ಬರುವಾಗ ಮಷೀನಿನ ವೇಗ ಇಳಿಸು. ನಿಲ್ಲಬೇಡ. ನಿಂತ್ರೆ ಸುಡ್ತದೆ.” ಅಷ್ಟು ವರ್ಷದಲ್ಲಿ ಅವರು ಒಂದು ಕಾರನ್ನೂ ಸುಟ್ಟಿರಲಿಲ್ಲ.

ಒಂದು ಗುಟ್ಟನ್ನು ಅವರು ನನ್ನೊಬ್ಬಳಿಗೇ ಹೇಳಿದ್ದರು. ಕೆಲವೊಮ್ಮೆ ಸಂಜೆ ಹೊತ್ತಿಗೆ ಬಲಗೈಯ ಎರಡು ಬೆರಳು ಜುಮ್ಮೆನ್ನುತ್ತದೆ ಎಂದು. “ಮಷೀನು ಹಿಡಿದು ಹಿಡಿದು. ಕೆಲಸಕ್ಕೆ ಏನೂ ತೊಂದರೆ ಇಲ್ಲ. ಯಾರಿಗೂ ಹೇಳ್ಬೇಡ ಮಾರಾಯ್ತಿ.” ನಾನು ಯಾರಿಗೂ ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

ಕೊಯಿಲದ ಪಶುವೈದ್ಯೆಯೊಬ್ಬರ ಮರೂನ್ ಕಾರು ಬಂದಿತ್ತು. ವಾಸಣ್ಣ ಬೋನೆಟ್ಟಿನ ನಡುಭಾಗ ಮುಗಿಸಿ, ಅಂಚು ಸುಡದಂತೆ ಅಂಟಿಸಿದ್ದ ಟೇಪು ಕಿತ್ತು ಊಟಕ್ಕೆ ಹೋದರು. ಅಂಚು ಮಾತ್ರ ಬಾಕಿ. ಕಲಿಯಲು ಶುರು ಮಾಡಿ ಆಗಲೇ ಎರಡು ವರ್ಷವಾಗಿತ್ತು. ಬಾಗಿಲು, ಡಿಕ್ಕಿ ಎಲ್ಲ ನಾನೇ ಮಾಡುತ್ತಿದ್ದೆ, ಅಂಚು ಮಾತ್ರ ಅವರು ಬಿಟ್ಟುಕೊಟ್ಟಿರಲಿಲ್ಲ. ಅವರು ಬರುವಷ್ಟರಲ್ಲಿ ಮುಗಿಸಿ ತೋರಿಸುತ್ತೇನೆ ಎಂಬ ಜಂಬ ಬಂತು. ಮಷೀನು ಎತ್ತಿಕೊಂಡೆ. ವೇಗ ಇಳಿಸಲಿಲ್ಲ. ಒಂದು ಗೀರು ಹೋಗದೆ ಇದ್ದಾಗ ಅಲ್ಲಿಯೇ — ಎಷ್ಟು, ಮೂರು ಉಸಿರಿನಷ್ಟು — ನಿಂತೆ. ಸುಟ್ಟ ವಾಸನೆ ಮೊದಲು ಬಂತು. ಒರೆಸಿ ನೋಡಿದರೆ ಕಿರುಬೆರಳಿನಷ್ಟು ಉದ್ದಕ್ಕೆ ಮರೂನ್ ಹೋಗಿ ಅಡಿಯ ಬೂದು ಬಣ್ಣ ಕಾಣುತ್ತಿತ್ತು.

ಅವರ ಕೆಲಸಕ್ಕೆ ತಯಾರಿ ಎಂಬಂತೆ ಅಂಚಿನುದ್ದಕ್ಕೂ ಪಾಲಿಶಿನ ಬಿಳಿ ಲೇಪ, ಕಾಂಪೌಂಡ್, ಸವರಿ ಅದನ್ನು ಮುಚ್ಚಿದೆ. ಮಷೀನನ್ನು ಇದ್ದ ಜಾಗದಲ್ಲಿಯೇ ಇಟ್ಟೆ. ಅವರು ಬಂದ ಕೂಡಲೇ ಹೇಳಬೇಕು ಎಂದುಕೊಂಡಿದ್ದೆ, ನಿಜವಾಗಿ. ಆದರೆ ಅವರು ನಗುತ್ತಾ ಬಂದರು, ಊಟದ ಮೀನು ಸಾರಿನ ಬಗ್ಗೆ ಏನೋ ಹೇಳಿದರು, ವೇಗ ಇಳಿಸಿ ಮಷೀನು ಶುರು ಮಾಡಿದರು. ನಾನು ಒರೆಸುವ ಬಟ್ಟೆಯನ್ನು ಅವರ ಕೈಗೆ ಎಟಕುವಲ್ಲಿ ಇಟ್ಟೆ. ಅಂಚಿನುದ್ದಕ್ಕೂ ಒಮ್ಮೆ ಹೋಗಿ ಬಂದು ಒರೆಸಿದರು. ಬೂದು ಗೆರೆ ಕಂಡಿತು.

ಬೋನೆಟ್ಟನ್ನು ನೋಡಿದರು. ಆಮೇಲೆ ತನ್ನ ಬಲಗೈಯನ್ನು ನೋಡಿದರು. ಬೆರಳುಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ —

“ಹೇಮಾ, ನೀನು ನೋಡ್ತಾ ಇದ್ದೆಯಲ್ಲ. ನಾನು ಇಲ್ಲಿ ನಿಂತೆನಾ?”

ನಾನು ಹೇಳಿದೆ: “ಸ್ವಲ್ಪ ಹೊತ್ತು ನಿಂತ ಹಾಗೆ ಕಂಡಿತು, ವಾಸಣ್ಣ.”

ಇಷ್ಟೇ. ಅವರು ನನ್ನನ್ನು ನಂಬಿದರು. ಇಪ್ಪತ್ತೈದು ವರ್ಷ ನಂಬಿದ್ದ ಕೈಗಿಂತ ನನ್ನ ಮಾತನ್ನು ಹೆಚ್ಚು ನಂಬಿದರು.

ಅವರ ಜಾಗದಲ್ಲಿ ಬೇರೆ ಯಾರಿದ್ದರೂ ಅದಕ್ಕೊಂದು ಸಬೂಬು ಹುಡುಕುತ್ತಿದ್ದರು. ವಾಸಣ್ಣ ಆ ಸಂಜೆಯೇ ವೈದ್ಯೆಗೆ ಫೋನ್ ಮಾಡಿ, “ಡಾಕ್ಟ್ರೇ, ನನ್ನ ಕೈ ತಪ್ಪಿತು. ಅಂಚು ಸುಟ್ಟಿದೆ,” ಎಂದರು. ಪಕ್ಕದಲ್ಲಿ ನಾನು ಬಟ್ಟೆ ಮಡಚುತ್ತಿದ್ದೆ. ಇಡೀ ಬೋನೆಟ್ಟಿಗೆ ತಾನೇ ನಿಂತು ಹೊಸ ಬಣ್ಣ ಹೊಡೆಸಿಕೊಟ್ಟರು. ವೈದ್ಯೆ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಅಲ್ಲಿಂದ ಮೇಲೆ ವಾಸಣ್ಣ ಅಂಚಿಗೆ ಬರುವಾಗ ಮಷೀನು ನನಗೆ ಕೊಡತೊಡಗಿದರು. ನಂತರ ಬಾಗಿಲುಗಳನ್ನೂ ಬಿಟ್ಟರು. ವರ್ಷ ತುಂಬುವ ಮೊದಲು ಒಂದು ಬೆಳಿಗ್ಗೆ ಮಷೀನನ್ನು ಒರೆಸಿ, ವಯರು ಸುತ್ತಿ, ನನ್ನ ಕೈಗಿಟ್ಟರು. “ಸುಳ್ಯದಲ್ಲಿ ಇಂಥ ಕೆಲಸ ಮಾಡುವವರು ಇಲ್ಲ. ಅಲ್ಲಿ ಶುರು ಮಾಡು. ನನ್ನ ಕೈ ನಂಬಿ ಇನ್ನೊಬ್ಬರ ಕಾರು ಮುಟ್ಟುದು ಸರಿಯಲ್ಲ.”

ಆ ಹೊತ್ತಿಗಾದರೂ ಹೇಳಬಹುದಿತ್ತು. ತೆಗೆದುಕೊಂಡೆ. ಕಾಲಿಗೆ ಬಿದ್ದು ತೆಗೆದುಕೊಂಡೆ!

ಸುಳ್ಯದಲ್ಲಿ ನನಗೆ ಹೆಸರು ಬಂತು. ‘ವಾಸಣ್ಣನ ಶಿಷ್ಯೆ’ ಎಂಬ ಹೆಸರೇ ಅರ್ಧ ಗಿರಾಕಿಗಳನ್ನು ತಂದಿತು. ‘ಪಾಪ, ಅವರ ಕೈ ಕೊನೆಗೆ ಸೋತಿತಂತಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮುಖ ತಪ್ಪಿಸಿ ಕಾರಿನ ಆ ಬದಿಗೆ ಹೋಗುತ್ತಿದ್ದೆ. ಅವರು ಪುತ್ತೂರಿನಲ್ಲಿ ಅಳಿಯನ ಪೈಂಟಿನ ಅಂಗಡಿಯಲ್ಲಿ ಕುಳಿತು ಡಬ್ಬ ಎತ್ತಿಕೊಡುತ್ತಿದ್ದರು.

ಕಳೆದ ವರ್ಷ ಅವರ ಮನೆಯ ಮದುವೆಗೆ ಹೋಗಿದ್ದೆ. ಅವರ ಕಿರಿಮಗಳು ತನ್ನ ಮೂರು ತಿಂಗಳ ಕೂಸನ್ನು ತಂದು, “ಅಪ್ಪ, ಸ್ವಲ್ಪ ಹಿಡ್ಕೊಳ್ಳಿ, ಸೀರೆ ಸರಿ ಮಾಡ್ತೇನೆ,” ಎಂದಳು. ವಾಸಣ್ಣ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡರು.

“ಬೇಡ ಮಗಾ. ನನ್ನ ಕೈ ನಂಬುವ ಹಾಗಿಲ್ಲ. ಹೇಮನ ಹತ್ತಿರ ಕೊಡು.”

ಕೂಸನ್ನು ನಾನು ಹಿಡಿದುಕೊಂಡೆ. ನಾನು ಕಸಿದದ್ದು ಒಂದು ಕೆಲಸವನ್ನು ಮಾತ್ರ ಎಂದುಕೊಂಡಿದ್ದೆ ಅಲ್ಲಿಯವರೆಗೆ.

ಮರುವಾರ ಅವರ ಮನೆಗೆ ಹೋದೆ. ಜಗಲಿಯಲ್ಲಿ ಅವರೊಬ್ಬರೇ ಇದ್ದರು. ಕುಳಿತುಕೊಳ್ಳದೆ ಎಲ್ಲ ಹೇಳಿದೆ — ಜಂಬ, ವೇಗ, ಕಾಂಪೌಂಡ್ ಸವರಿದ್ದು, ಆ ಒಂದು ವಾಕ್ಯ. ಮುಗಿದ ಮೇಲೆ ಅವರು ಬಲಗೈಯನ್ನು ಮಡಿಲಿಗೆ ತಂದು ಬೆರಳುಗಳನ್ನು ಬಿಡಿಸಿ ನೋಡಿದರು.

“ಹನ್ನೊಂದು ವರ್ಷ ನಾನು ನನ್ನ ಕೈಗೆ ಬೈದೆ,” ಎಂದರು. “ನಿನಗೆ ಬೈಬೇಕಿತ್ತು.”

“ಬೈಯಿರಿ, ವಾಸಣ್ಣ.”

“ಈಗ ಬೈದು ಎಂತ ಮಾಡುದು? ನೀನು ಹೋಗು.”

ಹೊರಟು ಬಂದೆ. ಕೊಯಿಲಕ್ಕೆ ಹೋಗಿ ವೈದ್ಯೆಗೂ ಹೇಳಿದೆ. ತಿಂಗಳಾದರೂ ವಾಸಣ್ಣನಿಂದ ಮಾತಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಪುತ್ತೂರಿನ ಬಸ್ಸಿನಲ್ಲಿ ಬಂದು ನನ್ನ ಶೆಡ್ಡಿನೊಳಗೆ ನಿಂತರು. ಅರ್ಧ ಆಗಿದ್ದ ಒಂದು ಕಪ್ಪು ಕಾರಿನ ಬಾಗಿಲನ್ನು ಬೆರಳಿನಿಂದ ಸವರಿ, ಮಷೀನಿಗಾಗಿ ಕೈ ಚಾಚಿದರು. ಕೊಟ್ಟೆ.

ಭುಜ ಸಡಿಲ, ಮೊಣಕೈ ಸಡಿಲ. ಅಂಚಿನವರೆಗೆ ಹೋಗಿ, ವೇಗ ಇಳಿಸಿ, ನಿಲ್ಲದೆ ತಿರುಗಿ ಬಂದರು. ಕಪ್ಪು ಬಣ್ಣ ಬಾವಿಯ ನೀರಿನ ಹಾಗೆ ಆಳವಾಗಿ ಎದ್ದಿತು. ಆ ಕೈ — ಅದರಲ್ಲಿ ಏನೂ ಹೋಗಿರಲಿಲ್ಲ! ಆದರೆ ಹತ್ತು ನಿಮಿಷವಾಗುವಷ್ಟರಲ್ಲಿ ಮಣಿಕಟ್ಟು ನಡುಗತೊಡಗಿತು. ಅವರು ಸ್ವಿಚ್ ಆರಿಸಿದರು.

“ಆಗ ಆಗ್ತಿತ್ತು,” ಎಂದರು ಮೆಲ್ಲಗೆ. “ಈಗ ನಿಜವಾಗಿ ಆಗುದಿಲ್ಲ. ಅರುವತ್ತೇಳಾಯ್ತಲ್ಲ.”

ಅವರಿಗೆ ಆಗುತ್ತಿದ್ದ ವರ್ಷಗಳೆಲ್ಲ ಪೈಂಟಿನ ಡಬ್ಬ ಎತ್ತಿಕೊಡುವುದರಲ್ಲಿ ಹೋದವು. ಅದನ್ನು ಹಿಂದಕ್ಕೆ ಕೊಡುವ ದಾರಿ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿರಲಿಕ್ಕಿಲ್ಲ.

ಈಗ ನನ್ನಲ್ಲಿ ಮೂವರು ಹೆಂಗಸರು ಕೆಲಸ ಕಲಿಯುತ್ತಿದ್ದಾರೆ. ಗುರುವಾರ ಗುರುವಾರ ವಾಸಣ್ಣ ಬಂದು ಕುರ್ಚಿಯಲ್ಲಿ ಕುಳಿತು ಅವರಿಗೆ ಹೇಳಿಕೊಡುತ್ತಾರೆ. ನನ್ನ ಹತ್ತಿರ ಕೆಲಸದ ಮಾತು ಮಾತ್ರ ಆಡುತ್ತಾರೆ, ಹೆಚ್ಚಿಲ್ಲ. ಹೊಸಬರು ಯಾರಾದರೂ ‘ಇಷ್ಟು ಗೊತ್ತಿದ್ದವರು ಎಂತಕ್ಕೆ ಕೆಲಸ ಬಿಟ್ಟದ್ದು?’ ಎಂದು ಕೇಳುತ್ತಾರೆ. ಆಗ ನಾನು ಬಟ್ಟೆ ಕೆಳಗಿಟ್ಟು, ವಾಸಣ್ಣನ ಎದುರಿಗೇ, ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಅವರು ಕೇಳುತ್ತಾ ಕುಳಿತಿರುತ್ತಾರೆ. ಇವತ್ತಿನವರೆಗೆ ಒಮ್ಮೆಯೂ ‘ಸಾಕು’ ಎಂದಿಲ್ಲ.