ಡಾಕ್ಟರಮ್ಮ ಹೇಳಿದ್ದು, ನಾನು ಹೇಳಿದ್ದು

ಆ ಡಾಕ್ಟರಮ್ಮ ತಪ್ಪು ಹೇಳಿರಲಿಲ್ಲ. ನನ್ನ ಹೆಂಡತಿ ಮಂಜುಳಾಳ ಎದೆಯಲ್ಲಿದ್ದದ್ದು ನೀರಿನ ಗುಳ್ಳೆಯಲ್ಲ, ಗಟ್ಟಿ ಗಂಟು, ತಡಮಾಡಬೇಡಿ ಎಂದು ಅವರು ನನ್ನ ಮುಖ ನೋಡಿಯೇ ಹೇಳಿದ್ದರು. ಆ ಮಾತನ್ನು ನುಂಗಿದವನು ನಾನು. ನುಂಗಿ ಸುಮ್ಮನೆ ಕೂರಲೂ ಇಲ್ಲ — ಜನ ಅವರ ಸ್ಕ್ಯಾನಿಂಗ್ ಸೆಂಟರಿಗೆ ನುಗ್ಗಿ ಅವರ ಕೈ ಮುರಿದ ದಿನ, ಮೊದಲ ಕುರ್ಚಿ ಎತ್ತಿದವನೂ ನಾನೇ.

ಕನಕಪುರದ ಪಕ್ಕದ ನಮ್ಮೂರಿನಲ್ಲಿ ನನಗೆ ಈಗಲೂ ಒಳ್ಳೆಯ ಹೆಸರಿದೆ. ಹೆಂಡತಿಯ ಸಂಕಟ ನೋಡಲಾರದೆ ಹುಚ್ಚನಾದ ಗಂಡ ಎನ್ನುತ್ತಾರೆ. ಆ ಹೆಸರನ್ನು ಇನ್ನು ಹೊತ್ತು ತಿರುಗಲಾರೆ.

ನಾನು ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ರೆಸ್ ಮಿಷನ್ ನಡೆಸುವವನು. ಅಲ್ಲಿ ಸೂಪರ್‌ವೈಸರ್ ಬೈದದ್ದನ್ನೆಲ್ಲ ಮನೆಗೆ ತಂದು ಮಂಜುಳಾಳ ಮೈಮೇಲೆ ಇಳಿಸುತ್ತಿದ್ದೆ... ಇಲ್ಲ, ಇದೂ ನೆಪವೇ. ಯಾರೂ ಬೈಯದ ದಿನವೂ ಹೊಡೆದಿದ್ದೇನೆ. ಒಂದು ಸಂಜೆ, ಫೋನಿನ ಚಾರ್ಜರ್ ಎಲ್ಲಿ ಎಂದು ಕೇಳಿದ್ದಕ್ಕೆ ಅವಳು ಕೂಡಲೇ ಉತ್ತರ ಕೊಡಲಿಲ್ಲವೆಂದು ಎದೆಗೇ ಒದ್ದೆ. ಅವಳು ಹಿಂದೆ ಇದ್ದ ರೇಷ್ಮೆ ಹುಳುವಿನ ತಟ್ಟೆಗಳ ಮೇಲೆ ಬಿದ್ದಳು. ಹುಳುಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವಳು ಎದೆ ಹಿಡಿದುಕೊಂಡೇ ಅವುಗಳನ್ನು ಆಯ್ದು ಸೊಪ್ಪಿನ ಮೇಲೆ ಬಿಟ್ಟಳು, ಅತ್ತದ್ದು ಆಮೇಲೆ.

ಆ ಪೆಟ್ಟಿಗೆ ಎಣ್ಣೆ ಹಚ್ಚಿಕೊಳ್ಳುವಾಗಲೇ ಅವಳ ಕೈಗೆ ಗಂಟು ಸಿಕ್ಕಿದ್ದು.

"ಊತ ಇಳೀತು, ಇದು ಮಾತ್ರ ಇಳೀತಿಲ್ಲ," ಎಂದಳು. ಒದೆಗೇ ಬಂದದ್ದು ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಕನಕಪುರದ ಡಾಕ್ಟರು ಮುಟ್ಟಿ ನೋಡಿ ಸ್ಕ್ಯಾನಿಂಗಿಗೆ ಬರೆದುಕೊಟ್ಟರು.

ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ಮಂಜುಳಾ ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದು ಪರದೆ ತೋರಿಸಿದರು. "ನೀರು ತುಂಬಿದ ಗುಳ್ಳೆ ಆಗಿದ್ರೆ ಪೂರ್ತಿ ಕಪ್ಪಗೆ, ದುಂಡಗೆ, ಅಂಚು ನುಣ್ಣಗೆ ಕಾಣೋದು. ಇದು ಗಟ್ಟಿ. ಅಂಚೆಲ್ಲ ಸೊಟ್ಟಸೊಟ್ಟ. ಸ್ಕ್ಯಾನ್ ನೋಡಿ ಕ್ಯಾನ್ಸರ್ ಅಂತ ನಾನು ಹೇಳಕ್ಕಾಗಲ್ಲ. ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿಸಲೇಬೇಕು. ತಡಮಾಡ್ಬೇಡಿ, ಬೆಂಗಳೂರಿಗೆ ಕರ್ಕೊಂಡು ಹೋಗಿ."

ಆಮೇಲೆ ದನಿ ತಗ್ಗಿಸಿದರು. "ಎದೆ ಮೇಲೆ ಆ ಕಲೆ ಹೇಗಾಯ್ತು?"

"ಹಸು ಒದೀತು ಮೇಡಂ."

"ಅವರೂ ಹಾಗೇ ಅಂದ್ರು," ಎಂದರು. ನನ್ನನ್ನೇ ನೋಡುತ್ತಿದ್ದರು. "ಅಲ್ಲಿನ ಡಾಕ್ಟರೂ ಕೇಳ್ತಾರೆ."

ಅಲ್ಲಿ ಕೇಳಿದರೆ ಒದ್ದದ್ದು ಹೊರಬೀಳುತ್ತದೆ, ಗಂಟು ಬಂದದ್ದೇ ನನ್ನ ಒದೆಯಿಂದ ಎನ್ನುತ್ತಾರೆ ಎಂದುಕೊಂಡೆ. ಅವಳಿಗೆ ನಾನೇ ನಿಧಾನಕ್ಕೆ ಹೇಳುತ್ತೇನೆ, ಹೆದರಿಕೊಳ್ಳುತ್ತಾಳೆ ಎಂದು ಒಪ್ಪಿಸಿ ಹೊರಬಂದೆ.

ಮೆಟ್ಟಿಲ ಮೇಲೆ ಮಂಜುಳಾ ಕೇಳಿದಳು: "ಏನಂದ್ರು?"

"ಬರೀ ನೀರ್‌ಗುಳ್ಳೆ ಕಣೆ. ತಾನೇ ಕರ್ಗೋಯ್ತದಂತೆ."

ಅವಳು ನಕ್ಕುಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ನಾನು ಕಂಡ ನಗು. ರಿಪೋರ್ಟು ಇಂಗ್ಲಿಷಿನಲ್ಲಿತ್ತು, ಮನೆಗೆ ಬಂದು ಅದನ್ನು ಬಚ್ಚಲ ಒಲೆಗೆ ಹಾಕಿದೆ.

ಕಲೆ ಮಾಸಿದ ಮೇಲೆ ಕರೆದುಕೊಂಡು ಹೋಗೋಣ ಎಂದುಕೊಂಡೆ. ಕಲೆ ಮಾಸಿತು. ಆಗ, ಇಷ್ಟು ದಿನ ಏಕೆ ಬರಲಿಲ್ಲ ಎಂದು ಕೇಳಿದರೆ — ಎಂಬ ಭಯ. ಮಳೆಗಾಲ ಕಳೆದು ಅವರೆಕಾಯಿ ಬಂತು. "ಇದು ಬೆಳೀತಾ ಐತೆ. ಇನ್ನೊಂದ್ಸಲ ಸ್ಕ್ಯಾನ್ ಮಾಡ್ಸಣ," ಎಂದು ಅವಳು ಕೇಳಿದಾಗ ಕೈಯಲ್ಲಿದ್ದ ಹಿತ್ತಾಳೆ ಚೊಂಬನ್ನು ಬೀಸಿದೆ. ಹಣೆ ಸೀಳಿತು. ಅವರೆಕಾಯಿ ಬುಟ್ಟಿಯ ಮೇಲೆಲ್ಲ ರಕ್ತ.

ಜಾರಿ ಬಿದ್ದಳು ಎಂಬ ನನ್ನ ಮಾತು ನಂಬಿ, ಹಣೆಗೆ ಹೊಲಿಗೆ ಹಾಕಿಸಲು ಬಂದ ಅವಳ ತಮ್ಮ ಕುಮಾರನೇ ಅವಳನ್ನು ಬೆಂಗಳೂರಿಗೆ ಕರೆದೊಯ್ದ. ಕ್ಯಾನ್ಸರೇ ಆಗಿತ್ತು; ಅಷ್ಟರಲ್ಲಿ ಅದು ಕಂಕುಳಿಗೂ ಹಬ್ಬಿತ್ತು. ಒಂದು ಕಡೆಯ ಎದೆ ತೆಗೆದರು. ಪೆಟ್ಟಿನಿಂದ ಈ ರೋಗ ಬರುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ಒದ್ದು ರೋಗ ತಂದೆ ಎಂದು ಮುಚ್ಚಿಡಲು ಹೊರಟ ಆ ಅಪರಾಧವನ್ನು ನಾನು ಮಾಡಿರಲೇ ಇಲ್ಲ. ಮುಚ್ಚಿಡುತ್ತ ಮಾಡಿದ್ದು ಅದಕ್ಕಿಂತ ದೊಡ್ಡದು.

"ನೀರ್‌ಗುಳ್ಳೆ ಅಂದೋಳ್ ಯಾವೋಳು ಭಾವ? ನಡೀರಿ!" ಎಂದ ಕುಮಾರ, ತನ್ನೂರು ಚನ್ನಪಟ್ಟಣದಿಂದ ಜನ ಕಟ್ಟಿಕೊಂಡು ಬಂದಿದ್ದ. ಬೇಡ ಎನ್ನಬಹುದಿತ್ತು. ನಾನು ಎಲ್ಲರಿಗಿಂತ ಮುಂದೆ ನಡೆದೆ.

ಡಾಕ್ಟರಮ್ಮ ನನ್ನ ಗುರುತು ಹಿಡಿದರು. "ನಾನು ಇವರಿಗೇ ಹೇಳಿದ್ದೆ. ಕಂಪ್ಯೂಟರಲ್ಲಿ ಇದೆ, ತೋರಿಸ್ತೀನಿ ತಡೀರಿ," ಎಂದು ಅತ್ತ ತಿರುಗಿದರು.

"ಸುಳ್ಳು! ನೀರು ಅಂದ್ರಿ ನೀವು!" ಎಂದು ಕೂಗಿ ಕಬ್ಬಿಣದ ಕುರ್ಚಿ ಎತ್ತಿ ಕಂಪ್ಯೂಟರಿಗೆ ಬಡಿದೆ. ಸಿಟ್ಟಿನಿಂದಲ್ಲ. ಅದರೊಳಗಿದ್ದದ್ದು ಯಾರಿಗೂ ಕಾಣಬಾರದು ಎಂದು, ಲೆಕ್ಕ ಹಾಕಿಯೇ ಬಡಿದೆ. ಆಮೇಲೆ ಯಾರನ್ನೂ ತಡೆಯುವಂತಿರಲಿಲ್ಲ. ಗಾಜು, ಪರದೆ, ಸ್ಕ್ಯಾನ್ ಮಿಷನ್ — ಎಲ್ಲ ಪುಡಿ. ಮಿಷನ್ನಿಗೆ ಅಡ್ಡ ಬಂದ ಅವರ ಬಲಗೈಯನ್ನು ಯಾರೋ ಬಾಗಿಲ ಸಂದಿಗೆ ಸಿಕ್ಕಿಸಿ ಒದ್ದರು. ಮೂಳೆ ಮುರಿದ ಸದ್ದು ಕೇಳಿತು. ಅವರು ಕಿರುಚುತ್ತಲೂ ನನ್ನನ್ನೇ ನೋಡುತ್ತಿದ್ದರು.

ಪೊಲೀಸ್ ಸ್ಟೇಷನ್ನಿನಲ್ಲಿ ದೊಡ್ಡವರು ಕೂತು ರಾಜಿ ಮಾಡಿಸಿದರು. ಡಾಕ್ಟರಮ್ಮ ಕನಕಪುರ ಬಿಟ್ಟರು. ನಮ್ಮ ಹೆಂಗಸರಿಗೆ ಸ್ಕ್ಯಾನಿಂಗ್ ಅಂದರೆ ಸುಳ್ಳು ಎಂಬಂತಾಯಿತು. ಎದೆಯಲ್ಲಿ ಗಂಟಿದ್ದ ನನ್ನ ಚಿಕ್ಕಮ್ಮ, "ಮಂಜುಳಂಗೆ ಏನಾಯ್ತು ಕಂಡಿಲ್ವಾ," ಎಂದು ಕೊನೆಯವರೆಗೂ ತೋರಿಸಲೇ ಇಲ್ಲ. ಹೋದ ವರ್ಷ ಅವಳನ್ನು ಮಣ್ಣು ಮಾಡಿ ಬಂದ ದಿನ, ಮಂಜುಳಾಳ ಮುಂದೆ ಕೂತು ಎಲ್ಲ ಹೇಳಿದೆ.

ಅವಳು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: "ಆವಮ್ಮ ತಣ್ಣಗಿನ ಜೆಲ್ ಹಚ್ಚಿ ಮಿಷನ್ ಆಡಿಸ್ವಾಗ, ನೋಯ್ತೈತಾ ಅಂತ ಕೇಳುದ್ರು. ಈ ಮನೇಲಿ ಯಾರೂ ನನ್ನ ಹಂಗೆ ಕೇಳಿರ್ನಿಲ್ಲ. ಅವ್ರ ಕೈಯ್ಯಾ ನೀವು ಮುರ್ಸಿದ್ದು?"

ಮರುದಿನ ಅವಳು ಚನ್ನಪಟ್ಟಣಕ್ಕೆ, ತಮ್ಮನ ಮನೆಗೆ ಹೊರಟಳು. ನಾನೇ ಬಂದು ಕುಮಾರನಿಗೆ ಹೇಳಬೇಕೆಂದಳು. ಹೋಗಿ ಹೇಳಿದೆ. ಬೀದಿಯಲ್ಲೇ ಕೆಡವಿ ಹೊಡೆದ; ಹಲ್ಲು ಉದುರಿದವು. ಆ ಪೆಟ್ಟಿನಿಂದ ಏನೂ ತೀರಲಿಲ್ಲ. ತೀರಿತು ಎಂದುಕೊಳ್ಳುವುದು ಸುಲಭ — ಅದಕ್ಕೇ ಅದನ್ನು ನಂಬಲಿಲ್ಲ. ಆದರೂ ಮುಂದಿನ ಹೆಜ್ಜೆಗೆ ಇಷ್ಟು ದಿನ ಹಿಡಿಯಿತು. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಇವತ್ತು ರಾಮನಗರದಲ್ಲಿ ಆ ಡಾಕ್ಟರಮ್ಮನನ್ನು ಹುಡುಕಿಕೊಂಡು ಹೋದೆ. ಯಾರದೋ ಆಸ್ಪತ್ರೆಯಲ್ಲಿದ್ದಾರೆ. ಬಲಗೈ ಮಣಿಕಟ್ಟು ಬಾಗುವುದಿಲ್ಲ. ಎಡಗೈಯಲ್ಲಿ ಸ್ಕ್ಯಾನ್ ಮಾಡುವುದನ್ನು ಹೊಸದಾಗಿ ಕಲಿತಿದ್ದಾರಂತೆ. ನನ್ನ ಮಾತು ಮುಗಿಯುವವರೆಗೂ ನಿಂತೇ ಕೇಳಿದರು.

"ನಿಮ್ಮ ಹೆಂಡತಿ ತಪಾಸಣೆಗೆ ಹೋಗ್ತಿದಾರಾ?"

"ಹೋಗ್ತಾವ್ಳೆ ಮೇಡಂ. ತಮ್ಮ ಕರ್ಕೊಂಡೋಯ್ತಾನೆ."

"ಇನ್ನೊಂದು ಕಡೆ ಎದೇನೂ ನೋಡಿಸ್ತಾ ಇರ್ಬೇಕು. ಅದನ್ನ ಅವರಿಗೇ ಹೇಳಿ, ನಿಮ್ಮಲ್ಲಿ ಇಟ್ಕೋಬೇಡಿ." ಬಾಗಿಲಿನತ್ತ ತಿರುಗಿ, "ನನ್ನ ಹತ್ರ ಹೇಳಿ ಏನು? ನಿಜ ಏನಂತ ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರ ಹತ್ರ ಹೇಳಿ," ಎಂದರು.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಮುಂದಿನ ಹೆಂಗಸನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

ಬೆಳಿಗ್ಗೆ ಕನಕಪುರದ ಸ್ಟೇಷನ್ನಿಗೆ ಹೋಗಿ ಇದನ್ನೆಲ್ಲ ಹೇಳುತ್ತೇನೆ. ಅಲ್ಲಿಂದ ಏನಾಗುತ್ತದೋ ಆಗಲಿ. ಮಂಜುಳಾ ಮನೆಗೆ ಬರಲಿ ಎಂದಲ್ಲ — ಅವಳು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.