ನಾಯಿ ಎಚ್ಚರಾಗುವ ತನಕ

ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾವರದ ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ನೋಡಿಕೊಳ್ಳುತ್ತಿದ್ದೆ. ಅದಕ್ಕೂ ಮೊದಲು ಕೆಲವು ವರ್ಷ ಭಟ್ಕಳದಲ್ಲೂ ಅದೇ ಕೆಲಸ. 'ಸ್ಥಿತಿ ಗಂಭೀರ, ಕೂಡಲೇ ಹೊರಡಿ' ಎಂಬುದನ್ನೇ ವರ್ಷಗಟ್ಟಲೆ ಬರೆದುಕೊಂಡವನಿಗೆ ಒಳ್ಳೆಯ ಸುದ್ದಿಯ ಮೇಲೆ ನಂಬಿಕೆ ಹೋಗಿಬಿಡುತ್ತದೆ. ಮನೆಯಲ್ಲಿ ಯಾರಾದರೂ ಎರಡು ಸಲ ಸೀನಿದರೂ ನನ್ನ ತಲೆಯೊಳಗೆ ಒಂದು ತಂತಿ ತಯಾರಾಗುತ್ತಿತ್ತು. ಇಂಥವನ ಪಾಲಿಗೆ ನಾಯಿಯ ಆಪರೇಷನ್ ಬಂದು ಬಿತ್ತು.

ನಮ್ಮದು ಕಂದು ಬಣ್ಣದ ಸಾದಾ ಊರುನಾಯಿ. ಹೊಳೆಯಾಚೆಯ ಮಾವಿನಕುರ್ವೆಯಲ್ಲಿ ಯಾವ ಹೆಣ್ಣುನಾಯಿ ಬೆದೆಗೆ ಬಂದರೂ ಇದಕ್ಕೆ ಈಚೆ ದಡದಲ್ಲೇ ಗೊತ್ತಾಗುತ್ತಿತ್ತು. ಬಂದರಿಗೆ ಹೋಗಿ, ಜನರ ನಡುವೆ ದೋಣಿ ಹತ್ತಿ ಕೂತು, ಮರ್ಯಾದಸ್ಥನಂತೆ ಆಚೆ ಇಳಿಯುತ್ತಿತ್ತು. ಮೂರು ದಿನ ಬಿಟ್ಟು ಅದೇ ದೋಣಿಯಲ್ಲಿ ಹರಿದ ಕಿವಿ, ಕುಂಟುಕಾಲು ಹೊತ್ತು ವಾಪಸು. ಕೊನೆಯ ಸಲ ಕುತ್ತಿಗೆಯ ಗಾಯದಲ್ಲಿ ಹುಳ ಬಿದ್ದಿತ್ತು. ಕುಮಟಾದ ದನದ ಡಾಕ್ಟರು ಹುಳ ತೆಗೆದು ಮದ್ದು ಹಾಕಿ, ಇದರ ಬೀಜ ತೆಗೆಸಿಬಿಡಿ, ಇನ್ನೊಂದು ಕಚ್ಚಾಟಕ್ಕೆ ಇದು ಉಳಿಯುವುದಿಲ್ಲ ಎಂದರು.

ಸಣ್ಣ ಪ್ರಾಯದ ಡಾಕ್ಟರು, ಮುಚ್ಚುಮರೆ ಇಲ್ಲದ ಮನುಷ್ಯ. ಎತ್ತಿನ ಬೀಜ ಒಡೆದು ಕೈ ಪಳಗಿದೆ, ಆದರೆ ನಾಯಿಗೆ ಎಚ್ಚರ ತಪ್ಪಿಸಿಯೇ ಮಾಡಬೇಕು, ಈ ಊರಿಗೆ ಬಂದ ಮೇಲೆ ಎರಡು ನಾಯಿಗೆ ಮಾಡಿದ್ದೇನೆ ಎಂದರು. ಆ ಎರಡೂ ಈಗ ಹೇಗಿವೆ ಎಂದು ಕೇಳಿದೆ. ಒಂದು ಚೆನ್ನಾಗಿದೆ ಎಂದರು. ಇನ್ನೊಂದರ ಕತೆ ಕೇಳುವ ಧೈರ್ಯ ನನಗಾಗಲಿಲ್ಲ.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಮತ್ತಿನ ಇಂಜೆಕ್ಷನ್ನನ್ನು ತೂಕ ನೋಡಿ ಕೊಡುತ್ತಾರಂತೆ. ಹೆಚ್ಚಾದರೆ ಉಸಿರು ನಿಲ್ಲಬಹುದು, ಕಡಿಮೆಯಾದರೆ ನಡುವೆಯೇ ಎಚ್ಚರವಾಗಬಹುದು. ನಾಯಿಯನ್ನು ಕೊಬ್ಬರಿ ವ್ಯಾಪಾರಿಯ ತಕ್ಕಡಿಯಲ್ಲಿ ಕೂರಿಸಿದೆ, ಹದಿನಾಲ್ಕೂವರೆ ಕಿಲೋ ತೋರಿಸಿತು. ಕೊಳ್ಳುವವನ ತಕ್ಕಡಿ, ಕಡಿಮೆ ತೋರಿಸುವುದೇ ಅದರ ಧರ್ಮ. ನಂಬಿಕೆ ಬಾರದೆ ಕಚೇರಿ ಮುಚ್ಚಿದ ಮೇಲೆ ಪಾರ್ಸೆಲ್ ತಕ್ಕಡಿಯಲ್ಲಿ ನಿಲ್ಲಿಸಿದೆ, ಹದಿನಾರು. ನಮ್ಮ ತಕ್ಕಡಿ ಸರಿ ಇಲ್ಲ ಎಂದು ಜಗಳಕ್ಕೆ ಬಂದವರಿಗೆಲ್ಲ ಜೋರು ಮಾಡಿ ಕಳಿಸಿದವನು ನಾನು. ಈಗ ನನಗೇ ಅದರ ಮೇಲೆ ಅನುಮಾನ. ಎರಡನ್ನೂ ಬರೆದುಕೊಳ್ಳಿ, ಡಾಕ್ಟರು ನೋಡಿಕೊಳ್ಳಲಿ ಎಂದಳು ಹೆಂಡತಿ. ಟೆಲಿಗ್ರಾಂ ಫಾರಮ್ಮಿನ ಹಿಂದೆ ಎರಡನ್ನೂ ಬರೆದುಕೊಂಡೆ.

ಎರಡು ಸಲ ದಿನ ಗೊತ್ತು ಮಾಡಿ ಎರಡು ಸಲವೂ ಮುಂದೆ ಹಾಕಿದೆ. ಒಮ್ಮೆ ಮಂಗಳವಾರ ಎಂಬ ನೆಪ, ಇನ್ನೊಮ್ಮೆ ನಾಯಿ ಕೆಮ್ಮಿತು ಎಂಬ ನೆಪ. ಮೂರನೆಯ ಸಲ ಹೆಂಡತಿಯೇ ದಿನ ಗೊತ್ತು ಮಾಡಿ, ತಾನೂ ಬರುತ್ತೇನೆ ಎಂದಳು. ನಾನು ಕಚೇರಿಗೆ ರಜೆ ಹಾಕಿದೆ.

ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು ಎಂದಿದ್ದರು ಡಾಕ್ಟರು. ಮತ್ತಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋದರೆ ಮುಗಿಯಿತು. ನಾನು ಮನೆಯಲ್ಲಿ ಡಂಗುರ ಸಾರಿದೆ. ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರಿಗೂ ಇದಕ್ಕೆ ತಲೆ, ಬಾಲ ಏನೂ ಹಾಕಬೇಡಿ ಎಂದು ಹೇಳಿ ಬಂದೆ. ನಾಯಿಯನ್ನು ಬಚ್ಚಲಲ್ಲಿ ಕಟ್ಟಿದೆ. ಅದು ಕುಂಯ್‌ಗುಟ್ಟಿದಾಗಲೆಲ್ಲ ಎದ್ದು ಹೋಗಿ ಕ್ಷಮೆ ಕೇಳುತ್ತಿದ್ದೆ.

ಬೆಳಿಗ್ಗೆ ಟೆಂಪೋದಲ್ಲಿ ಕುಮಟಾಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ನಾಯಿಯ ಗದ್ದ ಸವರಿದೆ. ಕೂದಲಿಗೆ ಮೊಸರು ಒಣಗಿ ಅಂಟಿತ್ತು, ಅದರಲ್ಲಿ ಒಂದು ಅನ್ನದ ಅಗುಳು. ಹೆಂಡತಿಯ ಮುಖ ನೋಡಿದೆ.

"ಅತ್ತೆ ಹಾಕಿದ್ರು," ಎಂದಳು. "ಮನೆ ಬಿಟ್ಟು ಹೊಂಟ ಜೀವವನ್ನ ಬರಿಹೊಟ್ಟೆಲಿ ಕಳಿಸೂದಾ ಅಂದ್ರು."

ನನ್ನ ಅಮ್ಮನ ಕಾಯಿದೆ ಅದು. ಪರೀಕ್ಷೆಗೆ ಹೊರಟವರಿರಲಿ, ಗಂಡನ ಮನೆಗೆ ಹೊರಟವರಿರಲಿ, ಒಂದು ತುತ್ತು ಮೊಸರನ್ನ ತಿನ್ನದೆ ನಮ್ಮ ಹೊಸ್ತಿಲು ದಾಟಿದವರಿಲ್ಲ. ನಾಯಿಯೂ ಆ ಲೆಕ್ಕಕ್ಕೆ ಸೇರಿತ್ತು. ನೋಡಿಯೂ ಯಾಕೆ ಹೇಳಲಿಲ್ಲ ಎಂದು ಟೆಂಪೋದ ಜನರೆಲ್ಲ ತಿರುಗುವ ಹಾಗೆ ಹೆಂಡತಿಯ ಮೇಲೆ ರೇಗಿದೆ. ಹೇಳಿದ್ದರೆ ನೀವು ಮೂರನೇ ಸಲವೂ ಮುಂದೆ ಹಾಕುತ್ತಿದ್ದಿರಿ, ಡಾಕ್ಟರ ಹತ್ತಿರ ನಾನೇ ಹೇಳುತ್ತೇನೆ ಎಂದಳು. ಅವಳು ಹೇಳಿದ್ದು ನಿಜ, ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಡಾಕ್ಟರು ಬೈಯಲಿಲ್ಲ. ಹಾಗಾದರೆ ಮಧ್ಯಾಹ್ನದ ಮೇಲೆ ಮಾಡೋಣ, ಇಲ್ಲೇ ಕಾಯಿರಿ ಎಂದರು. ಆ ಆರು ತಾಸು ನಾನು ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದೆ. ಕಂಪೌಂಡರನನ್ನು ಹಿಡಿದು ಮದ್ದು ಹಳೆಯದಲ್ಲವಷ್ಟೆ ಎಂದು ಕೇಳಿದೆ. ಸಿರಿಂಜ್ ಕುದಿಸುವುದನ್ನು ಕಿಟಕಿಯಿಂದ ಇಣುಕಿ ನೋಡಿ ಬೈಸಿಕೊಂಡೆ. ಹೆಂಡತಿ ಕಟ್ಟಿಕೊಂಡು ಬಂದ ದೋಸೆಯನ್ನು ನಾನು ಮುಟ್ಟಲಿಲ್ಲ. ಅವಳು ತನ್ನ ಪಾಲಿನದನ್ನು ನಿಧಾನವಾಗಿ ತಿಂದು ಕೈ ತೊಳೆದು ಬಂದಳು. ನಾಯಿ ಅವಳ ಕಾಲ ಬುಡದಲ್ಲಿ ಮಲಗಿತ್ತು.

ಎರಡು ಗಂಟೆಯ ಮೇಲೆ ಒಳಗೆ ಕರೆದರು. ಡಾಕ್ಟರು ನನ್ನ ಚೀಟಿಯ ಎರಡು ತೂಕದಲ್ಲಿ ಕಡಿಮೆಯದನ್ನೇ ಹಿಡಿದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಜಗಲಿಯ ಮೇಲೆ ಗೋಣಿಚೀಲ ಹಾಸಿ ನಾಯಿಯನ್ನು ತಂದು ಮಲಗಿಸಿದರು. ನಾಲಿಗೆ ಪಕ್ಕಕ್ಕೆ ಜಾರಿತ್ತು, ಕಣ್ಣು ಅರ್ಧ ತೆರೆದಿತ್ತು, ಆದರೆ ನೋಟ ಇರಲಿಲ್ಲ. ಅರ್ಧ ತಾಸಿನಲ್ಲಿ ಎಚ್ಚರಾಗುತ್ತದೆ ಎಂದಿದ್ದರು. ಒಂದು ತಾಸಾಯಿತು. ನಾನು ಅದರ ಮೂಗಿನೆದುರು ಕೈ ಹಿಡಿದು ಉಸಿರು ಎಣಿಸಿದೆ, ಎಣಿಕೆ ತಪ್ಪಿತು, ಮತ್ತೆ ಎಣಿಸಿದೆ. ಮೂರು ಸಲ ಡಾಕ್ಟರ ಕೋಣೆಗೆ ಹೋಗಿ ಬಂದೆ. ನಾಲ್ಕನೆಯ ಸಲ ಏಳುವಾಗ ಹೆಂಡತಿ ನನ್ನ ಪಂಚೆಯ ಚುಂಗು ಹಿಡಿದಳು.

"ಕೂತ್ಕಳಿ," ಎಂದಳು. "ಉಸಿರಾಡ್ತಾ ಇದೆ. ನಾನು ಕೈ ಇಟ್ಕಂಡೇ ಕೂತಿದ್ದೆ."

ನಾಯಿಯ ತಲೆ ಸವರುತ್ತಲೇ, ಸಿಟ್ಟಿಲ್ಲದ ದನಿಯಲ್ಲಿ ಇನ್ನೊಂದು ಮಾತು ಹೇಳಿದಳು. "ನನ್ನ ಆಪರೇಷನ್ ದಿನ ನೀವು ರಜೆ ಹಾಕಿರ್ಲಿಲ್ಲ."

ಮೂರನೆಯ ಮಗುವಾದ ಮೇಲೆ, ಶಾಲೆಯೊಂದರಲ್ಲಿ ನಡೆದ ಕುಟುಂಬ ಯೋಜನೆಯ ಕ್ಯಾಂಪಿನಲ್ಲಿ ಅವಳಿಗೆ ಆಪರೇಷನ್ ಆಗಿತ್ತು. ಬೆಳಿಗ್ಗೆ ಪಕ್ಕದ ಮನೆಯ ಹೆಂಗಸಿನ ಜೊತೆ ಹೋಗಿದ್ದಳು. ಯಾವ ಮದ್ದು, ಎಷ್ಟು ಮದ್ದು, ಊಟ ಮಾಡಬಹುದೇ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನೂರಾರು ಹೆಂಗಸರಿಗೆ ಮಾಡುತ್ತಾರೆ, ಇವಳಿಗೂ ಮಾಡುತ್ತಾರೆ ಎಂದುಕೊಂಡಿದ್ದೆ. ಸಂಜೆ ಕಚೇರಿ ಮುಗಿಸಿ ಕರೆತರಲು ಹೋದಾಗ ಅವಳು ಶಾಲೆಯ ಬೆಂಚಿನ ಮೇಲೆ ಕೂತಿದ್ದಳು. 'ಆತಾ? ಹೋಗ್ವಾ' ಎಂದಿದ್ದೆ. ಎಲ್ಲದರಲ್ಲೂ ಸಾವು ಕಾಣುವ ನನ್ನ ತಲೆಯಲ್ಲಿ ಆ ದಿನ ಒಂದು ತಂತಿಯೂ ತಯಾರಾಗಿರಲಿಲ್ಲ. ನನಗೆ ನಾಚಿಕೆಯಾಯಿತು.

ನಾಯಿಯ ಕಿವಿ ಒಮ್ಮೆ ಅದುರಿತು. ಮುಂಗಾಲು ಚೀಲದ ಮೇಲೆ ಗೀರಿತು. ಡಾಕ್ಟರನ್ನು ಕರೆಯಲು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವಳ ಪಕ್ಕದಲ್ಲಿ ಕೂತೆ.

"ಆ ದಿನ ನಿಂಗೆ ಎಚ್ಚರಾದಾಗ ಹ್ಯಾಂಗಿತ್ತು?" ಎಂದೆ. ಆರು ವರ್ಷ ತಡವಾಗಿ ಕೇಳುತ್ತಿದ್ದೆ.

ಅವಳು ಸೆರಗಿನ ತುದಿಯಿಂದ ನಾಯಿಯ ಬಾಯಿ ಒರೆಸಿದಳು.

"ಬಾಯಿ ಒಣಗಿತ್ತು," ಎಂದಳು. "ನೀರು ಕೇಳ್ದೆ. ಹತ್ರ ಯಾರೂ ಇರ್ಲಿಲ್ಲ."