ಮೆಕ್ಯಾನಿಕ್ ಕಾಕಾ ಮತ್ತು ನನ್ನ ಪುಕ್ಕಲು ಕಿವಿ

ಮೆಕ್ಯಾನಿಕ್ ಕಾಕಾ ನಮ್ಮ ಅಂಗಳಕ್ಕೆ ಬಂದರೆ ಮೊದಲು ಮಾತಾಡುತ್ತಿರಲಿಲ್ಲ. ಮಗುವಿನ ಜ್ವರ ನೋಡುವವರಂತೆ ಬಲಗೈಯ ಹಿಂಬದಿಯನ್ನು ಬೈಕಿನ ಇಂಜಿನ್ನಿಗೆ ಒತ್ತಿ ನಿಲ್ಲುತ್ತಿದ್ದರು. ಗೆಣ್ಣಿನ ಗೆರೆಗಳಲ್ಲಿ ಆಯಿಲ್ ಹಚ್ಚೆಯ ಹಾಗೆ ಕಪ್ಪಗೆ ಕೂತಿರುತ್ತಿತ್ತು.

ಇಂಜಿನ್ನಿನೊಳಗೆ ವಾಲ್ವಿನ ತಲೆಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಅದನ್ನು ಸರಿಪಡಿಸುವುದಕ್ಕೆ ನಮ್ಮ ಕಡೆ ಟ್ಯಾಪೆಟ್ ಸೆಟ್ ಮಾಡೋದು ಅನ್ನುತ್ತಾರೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಆ ಸಂದನ್ನು ಅಳೆಯಬೇಕು. ಹಾಗಾಗಿ ಕಾಕಾ ಈ ಕೆಲಸಕ್ಕೆ ಮಾತ್ರ ಗಾಡಿಯನ್ನು ತಮ್ಮ ಗ್ಯಾರೇಜಿಗೆ ತರಗೊಡುತ್ತಿರಲಿಲ್ಲ. ಕೊಟ್ಟೂರಿನಲ್ಲಿ ಯಾರ ಮನೆಯದಾದರೂ ಸರಿ, ಮುಂಜಾನೆ ಆರಕ್ಕೆ ಚೀಲ ಹಿಡಿದು ತಾವೇ ಹೋಗುತ್ತಿದ್ದರು.

ಹಲವು ವರ್ಷದ ಹಿಂದೆ ಮೊದಲ ಸಲ ಕರೆಸಿದಾಗ ಕೈ ಒತ್ತಿದವರೇ ನನ್ನನ್ನು ನೋಡಿದರು.

"ಬೆಚ್ಚಗೈತಲ್ರಿ ಮೇಷ್ಟ್ರ. ಚಾಲೂ ಮಾಡಿದ್ರೇನು?"

"ಚಾಲೂ ಆಗ್ತೈತೋ ಇಲ್ಲೋ ಅಂತ ಒಂದೀಟು ನೋಡಿದೆ ಕಾಕಾ."

"ಆಗದಿದ್ರ ನೋಡಾಕಂತ್ಲೇ ನಾ ಬಂದಿದ್ದು. ನಾಳಿ ಬರ್ತೀನಿ, ಇವತ್ತು ನಿಮ್ಮ ಕೈ ಕಟ್ಟಿ ಹಾಕ್ಕೊಳ್ರಿ."

ಬಾಗಿಲಲ್ಲಿದ್ದ ನನ್ನ ಹೆಂಡತಿ, "ಒಲಿ ಹಚ್ಚೋಕ್ಕಿಂತ ಮುಂಚೇನ ಅನ್ನ ಸೀದೈತೇನೋ ಅಂತ ಮೂಸೋರು ಇವ್ರು" ಎಂದಳು. ಕಾಕಾ ಗೇಟು ದಾಟಿದ ಮೇಲೂ ನಗುತ್ತಿದ್ದರು.

ನನ್ನ ಶಾಲೆ ಇರುವುದು ಚಿಗಟೇರಿ ಕಡೆ. ದಿನಾ ಹೋಗಿಬರುವ ದಾರಿಯಲ್ಲಿ ಗಾಡಿಯ ಒಂದೊಂದು ಸದ್ದಿಗೂ ನನಗೆ ಒಂದೊಂದು ಅನಾಹುತ ಕಾಣುತ್ತಿತ್ತು. ಮುಖ್ಯವಾಗಿ ಟಿಕ್ ಟಿಕ್ ಅನ್ನುವ ಟ್ಯಾಪೆಟ್ ಸದ್ದು. ಕಾಕಾ ಮಾಡುವುದನ್ನು ನಾಲ್ಕಾರು ಸಲ ನೋಡಿದ್ದೆನಲ್ಲ, ಒಂದು ಭಾನುವಾರ ನಾನೇ ಮುಚ್ಚಳ ಬಿಚ್ಚಿ, ಸದ್ದು ಪೂರ್ತಿ ಅಡಗುವವರೆಗೂ ಬಿಗಿ ಮಾಡಿದೆ. ಇಂಜಿನ್ ರೇಷ್ಮೆಯಂತೆ ಓಡಿತು. ಮರುದಿನ ಹರಪನಹಳ್ಳಿ ರಸ್ತೆಯಲ್ಲಿ ಇಂಜಿನ್ ಕಾದು ನಿಂತ ಗಾಡಿ ಮತ್ತೆ ಏಳಲಿಲ್ಲ. ಸರಕಿನ ಆಟೋದಲ್ಲಿ ಗಾಡಿ ಮಲಗಿಸಿಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕಾಕಾ ಬಂದು ತೆಳು ತಗಡಿನ ಅಳತೆಪಟ್ಟಿಯನ್ನು ಸಂದಿಗೆ ತೂರಿಸಲು ನೋಡಿದರು. ಅದು ಒಳಗೆ ಹೋಗಲೇ ಇಲ್ಲ.

"ಕಾದ ಕಬ್ಬಿಣ ಹಿಗ್ಗತೈತ್ರಿ. ಹಿಗ್ಗಾಕ ಜಾಗಾನ ಇಡದಿದ್ರ ವಾಲ್ವ್ ಹೆಂಗ ಮುಚ್ಚಬೇಕು? ಸ್ವಲ್ಪ ಸದ್ದು ಮಾಡ್ಲಿ ಬಿಡ್ರಿ. ಸುಮ್ನಾತಂದ್ರ ಹೆದರ್ರಿ."

ಸಡಿಲಿಸಿ, ಅಳೆದು, ಚಾಲೂ ಮಾಡಿ, ಎಂದಿನಂತೆ ಕೇಳಿದರು: "ಸದ್ದು ಹೆಂಗೈತ್ರಿ?"

ಒಂದು ಕಡೆಯ ನಟ್ಟು ಬಿಗಿಯಾಗಿರಲಿಲ್ಲವೇನೋ, ಇಂಜಿನ್ ಕಲ್ಲು ಕುಟ್ಟಿದ ಹಾಗೆ ಬಡಿಯುತ್ತಿತ್ತು. ಬೀದಿಯ ಆಚೆ ಬದಿಯವರೂ ತಿರುಗಿ ನೋಡಿದರು. ಕಾಕಾ ಮಾತ್ರ ನನ್ನ ಮುಖವನ್ನೇ ನೋಡುತ್ತ ಶಾಂತವಾಗಿ ಕೂತಿದ್ದರು. ಒಂದೆರಡು ವರ್ಷದಿಂದ ಎಲ್ಲರಿಗೂ ಅವರು ಕೇಳುತ್ತಿದ್ದ ಆ ಪ್ರಶ್ನೆಯನ್ನು ನಾವು ಮರ್ಯಾದೆಯ ಮಾತು ಅಂದುಕೊಂಡಿದ್ದೆವು. ಎದುರಿದ್ದವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದ ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ನಾನು ಇಂಜಿನ್ ಆರಿಸಿದೆ. ನನಗೆ ತಿಳಿಯಿತೆಂದು ಅವರಿಗೂ ಗೊತ್ತಾಯಿತು.

"ಯಾರ ಮುಂದೂ ಅನ್ನಬ್ಯಾಡ್ರಿ ಮೇಷ್ಟ್ರ. ಕಿವುಡನ ಕೈಯಾಗ ಗಾಡಿ ಯಾರು ಕೊಡ್ತಾರ? ಮನ್ಯಾಗ ಕುಂತ್ರ ನಾ ಉಳಿಯಂಗಿಲ್ಲ."

ಸಡಿಲ ನಟ್ಟು ಬಿಗಿ ಮಾಡುತ್ತ ಅವರೇ ಅಂದರು: "ನಿಮ್ಮಂಥ ಪುಕ್ಕಲ ಕಿವಿ ಒಂದು ಇದ್ರ ಸಾಕಿತ್ತು ನೋಡ್ರಿ."

ಅಂದಿನಿಂದ ಟ್ಯಾಪೆಟ್ ಕೆಲಸವೆಲ್ಲ ಭಾನುವಾರಕ್ಕೆ ಬಂತು. ಅವರು ಅಳೆಯುವರು, ನಾನು ಕೇಳಿಸಿಕೊಳ್ಳುವೆ. ನಾನು ಮೂಗು ತುರಿಸಿಕೊಂಡರೆ ಸಡಿಲ, ಕನ್ನಡಕ ಸರಿಮಾಡಿಕೊಂಡರೆ ಬಿಗಿ. ಗುಟ್ಟು ಹೊರಬಿದ್ದರೆ ಅವರ ಗತಿಯೇನು ಎಂಬ ಚಿಂತೆಯೂ ನನ್ನ ಪಟ್ಟಿಗೆ ಸೇರಿತು. ಯಾರಾದರೂ ಕೇಳಿದರೆ ವಾಕಿಂಗ್ ಬಂದೆ ಅನ್ನುತ್ತಿದ್ದೆ.

ಹೀಗೆ ಎರಡು ವರ್ಷ ನಡೆಯಿತು. ಒಂದು ಭಾನುವಾರ ಕಿರಾಣಿ ಅಂಗಡಿಯವರು ತಮ್ಮ ಅಂಗಳದಲ್ಲೇ ನನ್ನನ್ನು ಹಿಡಿದುಕೊಂಡರು: "ಕಾಕಾ ಎಲ್ಲಿ ಗಾಡಿ ಬಿಚ್ಚತಾರೋ ಅಲ್ಲೇ ನಿಮ್ದು ವಾಕಿಂಗು. ಏನ್ ಕತಿರೀ ಮೇಷ್ಟ್ರ?"

ನನ್ನ ಮುಖ ಕಂಡೇ ಪ್ರಶ್ನೆ ಏನೆಂದು ಕಾಕಾಗೆ ತಿಳಿದಿರಬೇಕು. ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು.

"ನನಗ ಕೇಳಂಗಿಲ್ಲಪ. ಇವ್ರು ಕೇಳಿ ಹೇಳ್ತಾರ. ಬ್ಯಾಡಂದ್ರ ಮುಚ್ಚಿ ಕೊಟ್ಟು ಹೋಗ್ತೀನಿ."

ಅಂಗಡಿಯವರು ಕಾಕಾನ ಕಿವಿಯ ಹತ್ತಿರ ಬಾಗಿ ಕೂಗಿದರು: "ಅದು ಊರಿಗೆಲ್ಲಾ ಗೊತ್ತೈತಿ ಕಾಕಾ! ಅದಕ್ಕಂತ್ಲೇ ಎಲ್ಲಾರೂ ಭಾನುವಾರ ಕರಿಯೋದು. ಮೇಷ್ಟ್ರಿಗೆ ರಜಾ ಇರ್ತೈತಲ್ಲ!"

ಕಾಕಾ ಪಾನಾ ತೆಗೆದುಕೊಂಡು ತಲೆ ತಗ್ಗಿಸಿ ಕೆಲಸಕ್ಕೆ ಕೂತರು. ಅವತ್ತು ಮುಚ್ಚಳದ ಬೋಲ್ಟು ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಕೊನೆಯ ಭಾನುವಾರದವರೆಗೂ ಅವರು ಮನೆಯಲ್ಲಿ ಕೂರಲಿಲ್ಲ. ಕಳೆದ ಚಳಿಗಾಲದಲ್ಲಿ, ಒಂದು ಬುಧವಾರ, ಊಟ ಮಾಡಿ ಮಲಗಿದವರು ಏಳಲಿಲ್ಲ.

ತಿಂಗಳಾದ ಮೇಲೆ ಕಿರಾಣಿಯವರು ತಮ್ಮ ಗಾಡಿಯ ಟ್ಯಾಪೆಟ್ ಸೆಟ್ ಮಾಡಿಕೊಡಿ ಎಂದು ನಮ್ಮ ಮನೆಗೇ ಬಂದರು. ನನಗೆ ಬರುವುದಿಲ್ಲ ಎಂದೆ. ಹಿಂದೊಮ್ಮೆ ನನ್ನ ಗಾಡಿಯನ್ನೇ ಕೆಡಿಸಿದ ಕತೆಯನ್ನೂ ಹೇಳಿದೆ. "ಗೊತ್ತೈತಿ, ಬರ್ರಿ" ಎಂದರು. ಆ ಭಾನುವಾರ ಹೋದೆ. ಸಂದಿನಲ್ಲಿ ಅಳತೆಪಟ್ಟಿ, ಇರಬೇಕಾದಂತೆಯೇ, ತುಸುವೇ ಎಳೆದು ಹಿಡಿದಂತೆ ಸರಿಯಿತು. ಚಾಲೂ ಮಾಡಿ ಬಹಳ ಹೊತ್ತು ಆಲಿಸಿದೆ. ಒಂದೇ ಸಮನೆ ಸಣ್ಣ ಸದ್ದು.

"ಸಾಕೇನ್ರಿ?" ಎಂದರು.

"ಸಾಕು" ಎಂದೆ.

ಐವತ್ತರ ಹತ್ತಿರ ಬಂದ ನಾನು ಯಾವುದಾದರೂ ವಿಷಯಕ್ಕೆ ಸಾಕು ಅಂದದ್ದು ಅದೇ ಮೊದಲು. ಮನೆಗೆ ಬರುವಾಗ ಬೀದಿಯ ಮೂಲೆಯಲ್ಲಿ ಅನುಮಾನ ಹತ್ತಿತು, ಇನ್ನೊಮ್ಮೆ ನೋಡಿ ಬರಲೇ ಎಂದು ನಿಂತೆ. ಆಮೇಲೆ ಮನೆ ಕಡೆಗೇ ನಡೆದೆ.